ಬ್ಯಾಂಜೋದ ಕಿವಿ ಹಿಂಡುತ್ತಾ

ಬ್ಯಾಂಜೋ ನುಡಿಸುವವರು ಅರ್ಧ ಆಯುಷ್ಯ ಶ್ರುತಿ ಮಾಡುವುದರಲ್ಲಿ ಕಳೆಯುತ್ತಾರೆ, ಉಳಿದರ್ಧ ಅಪಶ್ರುತಿಯಲ್ಲಿ ಬಾರಿಸುತ್ತಾರೆ ಅಂತ ಅಮೆರಿಕದಲ್ಲಿ ಒಂದು ಹಳೇ ಜೋಕಿದೆ. ನಮ್ಮ ಮನೆಯಲ್ಲಿ ಅದು ಜೋಕಲ್ಲ, ದಿನಚರಿ.

ನಾವಿರುವುದು ನಾರ್ತ್ ಕ್ಯಾರೊಲಿನಾದಲ್ಲಿ. ರಾಜ್ಯದ ಉತ್ತರದ ಅಂಚಿನಲ್ಲಿ, ಬೆಟ್ಟಗಳ ಮಗ್ಗುಲಲ್ಲಿ ಮೌಂಟ್ ಏರಿ ಅಂತ ಒಂದು ಊರಿದೆ. ಅಲ್ಲಿಯ ಟಾಮಿ ಜ್ಯಾರಲ್ (1901–1985) ಹಗಲು ರಸ್ತೆ ಇಲಾಖೆಯ ಗ್ರೇಡರ್, ಅಂದರೆ ರಸ್ತೆ ಸಮ ಮಾಡುವ ಯಂತ್ರ ಓಡಿಸುತ್ತಿದ್ದವರು. ಪಿಟೀಲು, ಬ್ಯಾಂಜೋ ಎರಡರಲ್ಲೂ ಅವರದು ದೊಡ್ಡ ಹೆಸರು. ಅವರ ರೆಕಾರ್ಡಿಂಗ್ ಕೇಳಿದ್ದೇ ತಡ, ನನಗೂ ಹುಚ್ಚು ಹತ್ತಿತು. ಆಗಲೇ ಮೈಸೂರಿನಿಂದ ಅಮ್ಮ ಬಂದಿಳಿದಳು. ಅಮ್ಮ ವೀಣೆ ಕಲಿತವಳು. ನನ್ನ ಕಷ್ಟ ಶುರುವಾದದ್ದು ಅಲ್ಲಿಂದ.

ನಾನು ಹಿಡಿದದ್ದು ಕ್ಲಾಹ್ಯಾಮರ್ ಎಂಬ ಬ್ಯಾಂಜೋ ಶೈಲಿ. ಅದರಲ್ಲಿ ತಂತಿಯನ್ನು ಮೇಲಕ್ಕೆ ಎತ್ತಿ ಮೀಟುವ ಹಾಗಿಲ್ಲ. ಬೆರಳು ಮಡಚಿ, ಉಗುರಿನ ಹೊರಮೈಯಿಂದ ಕೆಳಕ್ಕೆ ಬಡಿಯಬೇಕು. ಹಾಗೆ ಬಡಿದೂ ಬಡಿದೂ ನನ್ನ ತೋರುಬೆರಳಿನ ಉಗುರು ಸವೆದು ಹೋಯಿತು. ಅದಕ್ಕೆ ಇಲ್ಲಿನವರು ಅಕ್ರಿಲಿಕ್ ಉಗುರು ಹಾಕಿಸಿಕೊಳ್ಳುತ್ತಾರೆ. ನಾನೂ ಉಗುರಿನ ಪಾರ್ಲರಿಗೆ ಹೋಗಿ ಕೂತೆ. "ಒಂದೇ ಬೆರಳಿಗಾ?" ಅಂತ ಆಕೆ ಎರಡೆರಡು ಸಲ ಕೇಳಿದಳು. ಮನೆಗೆ ಬಂದು ಹುಳಿಯನ್ನ ಕಲಸಿ ಊಟ ಮಾಡಿದೆ. ನಾಲ್ಕು ಊಟ ಆಗುವಷ್ಟರಲ್ಲಿ ಅರಿಶಿನ ಹಿಡಿದು ಉಗುರು ಹಳದಿ. ಸೋಪು, ನಿಂಬೆಹಣ್ಣು ಯಾವುದಕ್ಕೂ ಜಗ್ಗಲಿಲ್ಲ. ಆಫೀಸಿನ ಮೀಟಿಂಗಿನಲ್ಲಿ ಪರದೆಯ ಕಡೆ ಆ ಬೆರಳು ಚಾಚಿದೆ ನೋಡಿ, ಎಲ್ಲರೂ ಗ್ರಾಫ್ ಬಿಟ್ಟು ಬೆರಳನ್ನೇ ನೋಡುತ್ತಿದ್ದರು.

ಶ್ರುತಿಯ ವಿಷಯ ಇದಕ್ಕಿಂತ ದೊಡ್ಡ ರಾಮಾಯಣ. ಐದು ತಂತಿಯಲ್ಲಿ ಐದನೆಯದು ಗಿಡ್ಡ. ಅದರ ಬಿರಡೆ ಐದನೇ ಫ್ರೆಟ್ಟಿನ (ವೀಣೆಯ ಮೆಟ್ಟಿನ ಹಾಗೆ) ಪಕ್ಕದಲ್ಲೇ ಇರುತ್ತದೆ, ಹೆಬ್ಬೆರಳು ಅದನ್ನು ಮಧ್ಯೆ ಮಧ್ಯೆ ನುಡಿಸುತ್ತಲೇ ಇರಬೇಕು. ಗುಲಾಮರಾಗಿ ಬಂದ ಆಫ್ರಿಕದವರ ಜೊತೆ ಬಂದ ವಾದ್ಯ ಇದು. ಸೆನೆಗಲ್, ಗ್ಯಾಂಬಿಯಾ ಕಡೆಯ ಅಕೊಂಟಿಂಗ್ ಎಂಬ ಸೋರೆಬುರುಡೆಯ ವಾದ್ಯದಲ್ಲಿ ಇವತ್ತಿಗೂ ಇಂಥದೇ ಗಿಡ್ಡ ತಂತಿ ಇದೆ. ಅಮ್ಮನಿಗೆ ಇಷ್ಟೆಲ್ಲ ಹೇಳಬೇಕಾಗಲಿಲ್ಲ. "ಇದು ತಾಳದ ತಂತಿ ಅಲ್ವೇನೋ?" ಅಂದಳು. ವೀಣೆಯಲ್ಲಿ ಅದಕ್ಕೆ ಕಿರುಬೆರಳು, ಇಲ್ಲಿ ಹೆಬ್ಬೆರಳು. ಅಷ್ಟೇ ವ್ಯತ್ಯಾಸವಂತೆ.

ಬ್ಯಾಂಜೋಗೆ ಹಾಡಿಗೆ ತಕ್ಕ ಹಾಗೆ ಬೇರೆ ಬೇರೆ ಶ್ರುತಿ. ಗಿಡ್ಡ ತಂತಿಯಿಂದ ಶುರು ಮಾಡಿದರೆ ಓಪನ್ ಜಿ ಎಂಬ ಶ್ರುತಿ ಅಂದರೆ ಸ ಪ ಸ ಗ ಪ. ಅದರ ಗಾಂಧಾರವನ್ನು ಅರ್ಧ ಸ್ವರ ಏರಿಸಿ ಮಧ್ಯಮ ಮಾಡಿದರೆ ಅದೇ ಸಾಮಿಲ್ ಶ್ರುತಿ. ಬದಲಾಗುವುದು ಒಂದೇ ತಂತಿ, ಆದರೆ ನಗುತ್ತಿದ್ದ ವಾದ್ಯ ಅಳುವುದಕ್ಕೆ ಶುರು ಮಾಡುತ್ತದೆ. 'ಶೇಡಿ ಗ್ರೋವ್' ಹಾಡು ನುಡಿಸುವುದು ಇದರಲ್ಲೇ. ನಾನು ಬಾರಿಸುತ್ತಿದ್ದಾಗ ಅಮ್ಮ ಅಡುಗೆಮನೆಯಿಂದ ಕೂಗಿದಳು, "ಖರಹರಪ್ರಿಯ ರಾಗದ ವಾಸನೆ ಹೊಡೀತಿದೆ ಕಣೋ!" ನನ್ನ ಹೆಂಡತಿ, "ಇಲ್ಲಮ್ಮ, ಒಗ್ಗರಣೆ ಸೀದಿದೆ" ಅಂದಳು. ಇಬ್ಬರ ಮಾತೂ ಸರಿಯಾಗಿತ್ತು.

'ಏಂಜಲೀನ್ ದ ಬೇಕರ್' ಹಾಡು ಬೇಕಾದರೆ ಮತ್ತೆ ಎಲ್ಲ ಬದಲು. ಡಬಲ್ ಸಿ, ಅಂದರೆ ಪ ಸ ಪ ಸ ರಿ. ಅದರ ಮೇಲೆ ಎರಡನೇ ಫ್ರೆಟ್ಟಿಗೆ ಕೇಪೋ, ಅಂದರೆ ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್ಪು ಹಾಕಿದರೆ ಡಿ ಶ್ರುತಿಗೆ ಬರುತ್ತದೆ. ಗಿಡ್ಡ ತಂತಿಗೆ ಮಾತ್ರ ಆ ಕೇಪೋ ತಾಗುವುದಿಲ್ಲ. ಅದನ್ನೂ ಎರಡು ಫ್ರೆಟ್ಟಿನಷ್ಟು ಏರಿಸೋಣ ಅಂತ ಬಿರಡೆಯ ಕಿವಿ ಹಿಂಡಿದೆ. ಟಣ್! ಮೊದಲೇ ಕೂದಲೆಳೆಯಷ್ಟು ತೆಳು, ಹರಿದು ಗಿಣ್ಣಿಗೆ ಬಡಿಯಿತು. ಅಂಗಡಿಯವರು ಇದಕ್ಕೊಂದು ಉಪಾಯ ಮಾಡಿಕೊಟ್ಟರು. ಆಟಿಕೆ ರೈಲಿನ ಹಳಿಗೆ ಬಡಿಯುವ ಪುಟಾಣಿ ಮೊಳೆಯನ್ನು ಏಳನೇ ಫ್ರೆಟ್ಟಿನ ಹತ್ತಿರ ಬಡಿದರೆ ಸಾಕು, ತಂತಿಯನ್ನು ಅದರ ಕೆಳಗೆ ಸಿಕ್ಕಿಸಿಬಿಡಬಹುದು. "ಅಷ್ಟು ದುಡ್ಡು ಸುರಿದ ವಾದ್ಯಕ್ಕೆ ಮೊಳೆ ಹೊಡೆಸಿಕೊಂಡು ಬಂದಿದ್ದೀರಲ್ರೀ" ಅಂದಳು ಹೆಂಡತಿ. ಗೋಡೆಗೆ ಕ್ಯಾಲೆಂಡರ್ ಮೊಳೆ ಹೊಡೆಯಲಿಕ್ಕೆ ವರ್ಷದಿಂದ ನೆಪ ಹೇಳುತ್ತಿರುವವನು ನಾನು.

ಶನಿವಾರ ಎಲ್ಲ ಸೇರಿ ನುಡಿಸುವ ಕೂಟದಲ್ಲಿ ಪಿಟೀಲಿನವರದೇ ರಾಜ್ಯ. ಅವರು "ಎ ಶ್ರುತಿ!" ಅಂದರೆ ನಾವು ಬಿರಡೆಗೆ ಕೈ ಹಾಕಬೇಕು. ಪುಣ್ಯಕ್ಕೆ ಇಲ್ಲಿ ಒಂದೇ ಹಾಡನ್ನು ಹದಿನೈದು ಸಲ ತಿರುಗಿಸಿ ನುಡಿಸುತ್ತಾರೆ. ಹದಿನಾಲ್ಕನೆಯ ಸುತ್ತಿಗೆ ನನ್ನ ಶ್ರುತಿ ಸೇರುತ್ತದೆ, ಹದಿನೈದನೆಯದರಲ್ಲಿ ನಾನೂ ಕಲಾವಿದ. ಒಂದು ಸಲ ಶ್ರುತಿ ಸೇರಿತೆಂದರೆ ಪಿಟೀಲಿನವರು ಗಂಟೆಗಟ್ಟಲೆ ಅದನ್ನು ಬಿಡುವುದಿಲ್ಲ. ಬ್ಯಾಂಜೋದವರ ಮೇಲೆ ಕರುಣೆ ಅಂತ ತಿಳಿದಿದ್ದೆ. ಕರುಣೆ ಏನಿಲ್ಲ, ನಾವು ಸರಿಮಾಡಿಕೊಳ್ಳುವ ಟಿಂಯ್ ಟಿಂಯ್ ಸದ್ದು ಅವರಿಗೆ ತಡೆಯಲಿಕ್ಕಾಗುವುದಿಲ್ಲ ಅಂತ ಈಚೆಗೆ ಗೊತ್ತಾಯಿತು.

ಅಮ್ಮನಿಗೂ ತಡೆಯಲಾಗಲಿಲ್ಲ. "ಶ್ರುತಿ ಸೇರಿಸೋದೇ ಕಛೇರಿನಾ? ಕೊಡು ಇಲ್ಲಿ" ಅಂತ ಕಸಿದುಕೊಂಡಳು. ಬ್ಯಾಂಜೋವನ್ನು ತೊಡೆಯ ಮೇಲೆ ಅಡ್ಡ ಮಲಗಿಸಿ, ತನ್ನ ವೀಣೆಯ ಶ್ರುತಿಗೆ, ಸ ಪ ಸ ಪ ಅಂತ ತಿರುಪಿದಳು. ನನ್ನ ಎಲೆಕ್ಟ್ರಾನಿಕ್ ಟ್ಯೂನರ್ ಕೊಡಲು ಹೋದರೆ, "ಕಿವಿ ಇಲ್ವೇನೋ ನಿಂಗೆ?" ಅಂದಳು. ಮಲಹರಿ ರಾಗದ ಪಿಳ್ಳಾರಿ ಗೀತೆ ಹೊರಟಿತು. ಗಮಕಕ್ಕೆ ಅವಳು ತಂತಿ ಎಳೆದಾಗೆಲ್ಲ ತಂತಿಗಳನ್ನು ಹೊತ್ತು ನಿಂತ ಕುದುರೆ ಪಕ್ಕಕ್ಕೆ ಜರುಗುತ್ತಿತ್ತು. ಬ್ಯಾಂಜೋದ ಕುದುರೆಯನ್ನು ಅಂಟಿಸಿರುವುದಿಲ್ಲ, ತಂತಿಯ ಬಿಗಿಗೇ ನಿಂತಿರುತ್ತದೆ. ಅಮ್ಮ ಅದನ್ನು ಹೆಬ್ಬೆರಳಿನಿಂದ ತಳ್ಳಿ ತಳ್ಳಿ ನುಡಿಸಿ ಮುಗಿಸಿದಳು.

ಮುಂದಿನ ಶನಿವಾರ ಅವಸರದಲ್ಲಿ ಅದೇ ಶ್ರುತಿಯಲ್ಲೇ ಕೂಟಕ್ಕೆ ಒಯ್ದೆ. ಪಕ್ಕದ ಹಿರಿಯರು ತಂತಿಗಳ ಮೇಲೆ ಬೆರಳಾಡಿಸಿ, ಇದ್ಯಾವ ಟ್ಯೂನಿಂಗ್ ಅಂತ ಹುಬ್ಬೇರಿಸಿದರು. "ಮೈಸೂರು" ಅಂದೆ. ಅವರು ಜೇಬಿನಿಂದ ಪುಸ್ತಕ ತೆಗೆದು ಗಂಭೀರವಾಗಿ ಬರೆದುಕೊಂಡರು. ಗುರುಗಳನ್ನೂ ಕರೆದುಕೊಂಡು ಬನ್ನಿ ಎಂದರು. ಮನೆಗೆ ಬಂದು ಹೇಳಿದರೆ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ:

"ಅಲ್ಲಿ ನೆಲದ ಮೇಲೆ ಕೂರೋಕೆ ಚಾಪೆ ಇರುತ್ತೇನೋ?"