ರುಬೆಲ್ಲಾ ಟೆಸ್ಟ್ ಮೊದಲ ದಿನವೇ ಮಾಡಿಸಿ

ಮಗುವಿಗಾಗಿ ಆಸ್ಪತ್ರೆ ಸುತ್ತುವವರ ಫೈಲು ದಪ್ಪಗಿರುತ್ತದೆ. ಅಂಡಾಶಯದಲ್ಲಿ ಎಷ್ಟು ಅಂಡಾಣು ಉಳಿದಿರಬಹುದು ಅಂತ ಅಂದಾಜು ಕೊಡುವ ಎಎಂಎಚ್, ಥೈರಾಯ್ಡ್, ಗಂಡನ ವೀರ್ಯ ಪರೀಕ್ಷೆ, ಸ್ಕ್ಯಾನ್ ಮೇಲೆ ಸ್ಕ್ಯಾನ್. ರುಬೆಲ್ಲಾ ಅನ್ನುವ ವೈರಸ್ ಕಾಯಿಲೆಯನ್ನು ತಡೆಯುವ ಶಕ್ತಿ ಇದೆಯಾ ಅಂತ ನೋಡುವ ರುಬೆಲ್ಲಾ ಐಜಿಜಿ ರಕ್ತಪರೀಕ್ಷೆ ಮಾತ್ರ ಕೆಲವು ಸಲ ಎಲ್ಲಾ ಆದ ಮೇಲೆ ಬರುತ್ತದೆ. ನನ್ನ ಚಿಕ್ಕಮ್ಮನ ಮಗಳಿಗೆ ಹಾಗೇ ಆಯಿತು. ಐವಿಎಫ್, ಅಂದರೆ ಪ್ರನಾಳ ಶಿಶು ಚಿಕಿತ್ಸೆಯ ಇಂಜೆಕ್ಷನ್ ಶುರುವಾಗಬೇಕಿದ್ದ ವಾರ ರಿಪೋರ್ಟ್ ನೆಗೆಟಿವ್ ಬಂತು. ಅಂದರೆ ಅವಳ ಮೈಯಲ್ಲಿ ರುಬೆಲ್ಲಾ ತಡೆಯುವ ಶಕ್ತಿ ಇಲ್ಲ. ಲಸಿಕೆ ಹಾಕಿಸಿಕೊಂಡು ಒಂದು ತಿಂಗಳು ಕಾಯಿರಿ ಅಂದರು. ದುಡ್ಡು, ರಜೆ, ಮನಸ್ಸು ಎಲ್ಲಾ ಹೊಂದಿಸಿಕೊಂಡಿದ್ದ ಹುಡುಗಿ ಅವತ್ತು ಅತ್ತಿದ್ದು ನನಗೆ ಮರೆಯಲು ಆಗಿಲ್ಲ.

ಕಾಯಿರಿ ಅಂದ ಡಾಕ್ಟರ್ ಮಾತು ಸರಿಯೇ. ರುಬೆಲ್ಲಾಗೆ ಕೊಡುವ ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಸೇರಿ ಒಂದೇ ಲಸಿಕೆ) ಜೀವಂತ ವೈರಸ್ಸನ್ನು ದುರ್ಬಲ ಮಾಡಿ ತಯಾರಿಸಿದ ಲಸಿಕೆ. ಅದಕ್ಕೇ ಹಾಕಿಸಿಕೊಂಡ ಮೇಲೆ 28 ದಿನ ಗರ್ಭ ಧರಿಸಬಾರದು ಅನ್ನುತ್ತಾರೆ. ಇದು ಮುನ್ನೆಚ್ಚರಿಕೆ ಅಷ್ಟೇ. ಗೊತ್ತಿಲ್ಲದೆ ಗರ್ಭಿಣಿಯಾಗಿದ್ದಾಗ ಹಾಕಿಸಿಕೊಂಡರೂ ಆ ಕಾರಣಕ್ಕೆ ಗರ್ಭ ತೆಗೆಸಬೇಕಿಲ್ಲ. ಲಸಿಕೆಯಿಂದ ಬಂಜೆತನ ಬರುತ್ತದೆ ಅನ್ನುವ ಮಾತಂತೂ ಸುಳ್ಳು.

ಭಯ ಪಡಬೇಕಾದದ್ದು ಕಾಯಿಲೆಗೆ. ತಾಯಿಗೆ ಸಣ್ಣ ಜ್ವರ, ಮೈಮೇಲೆ ಕೆಂಪು ದದ್ದು, ಕೆಲವೇ ದಿನದಲ್ಲಿ ವಾಸಿ. ಆದರೆ ಗರ್ಭದ ಮೊದಲ ಮೂರು ತಿಂಗಳಲ್ಲಿ ಬಂದರೆ ಮಗುವಿನ ಕಣ್ಣು, ಕಿವಿ, ಹೃದಯಕ್ಕೆ ಪೆಟ್ಟು ಬೀಳಬಹುದು. ಗರ್ಭಪಾತವೂ ಆಗಬಹುದು. 1941ರಲ್ಲಿ ಆಸ್ಟ್ರೇಲಿಯಾದ ಕಣ್ಣಿನ ಡಾಕ್ಟರ್ ನಾರ್ಮನ್ ಗ್ರೆಗ್ ಹುಟ್ಟಿನಿಂದಲೇ ಕಣ್ಣಿಗೆ ಪೊರೆ ಬಂದ ಶಿಶುಗಳನ್ನು ನೋಡಿ, ಅವರ ತಾಯಂದಿರಿಗೆ ಬಸಿರಿನಲ್ಲಿ ರುಬೆಲ್ಲಾ ಬಂದಿತ್ತು ಅನ್ನುವುದನ್ನು ಗುರುತಿಸಿದರು. ವರ್ಷಗಟ್ಟಲೆ ಕಾದು ನಿಂತ ಗರ್ಭಕ್ಕೆ ಹೀಗಾಗಬೇಕಾ?

ಚಿಕ್ಕವಳಿದ್ದಾಗ ಎಲ್ಲಾ ಲಸಿಕೆ ಹಾಕಿಸಿದ್ದಾರೆ ಅಂತ ಸುಮ್ನೆ ಕೂರಬೇಡಿ. ಕರ್ನಾಟಕದಲ್ಲಿ ಸರ್ಕಾರದ ದಡಾರ-ರುಬೆಲ್ಲಾ ಅಭಿಯಾನ ಶುರುವಾಗಿದ್ದು 2017ರ ಫೆಬ್ರವರಿಯಲ್ಲಿ. ಅದೂ 9 ತಿಂಗಳಿಂದ 15 ವರ್ಷದ ಮಕ್ಕಳಿಗೆ. ಈಗ ಮೂವತ್ತರ ಆಸುಪಾಸಿನಲ್ಲಿರುವ ಹೆಣ್ಣುಮಕ್ಕಳು ಅಷ್ಟೊತ್ತಿಗೆ ಆ ವಯಸ್ಸು ದಾಟಿದ್ದರು. ಖಾಸಗಿ ಡಾಕ್ಟರ ಹತ್ತಿರ ಎಂಎಂಆರ್ ಹಾಕಿಸಿಕೊಂಡಿದ್ದರೆ, ಇಲ್ಲಾ ಚಿಕ್ಕಂದಿನಲ್ಲೇ ಕಾಯಿಲೆ ಬಂದು ಹೋಗಿದ್ದರೆ ಮಾತ್ರ ರಕ್ಷಣೆ. ಐವಿಎಫ್‌ಗೆ ಜಾಸ್ತಿ ಬರುವವರು ಇದೇ ವಯಸ್ಸಿನವರು, ಅಲ್ವಾ?

ಸೀತಾಳೆ ಸಿಡುಬು ಅಂತ ಕೆಲವರು ಕರೆಯುವ ಚಿಕನ್‌ಪಾಕ್ಸ್ ಲಸಿಕೆಯೂ ಜೀವಂತ ಲಸಿಕೆಯೇ. ಎರಡೂ ಬೇಕಿದ್ದರೆ ಒಂದೇ ದಿನ ಕೊಡಬಹುದು. ತಪ್ಪಿದರೆ ನಡುವೆ ನಾಲ್ಕು ವಾರ ಬಿಡಬೇಕು, ಕಾಯುವುದು ಇನ್ನೂ ಉದ್ದವಾಗುತ್ತದೆ. ಫ್ಲೂ ಇಂಜೆಕ್ಷನ್, ಹೆಪಟೈಟಿಸ್ ಬಿ ಇವುಗಳಲ್ಲಿ ಜೀವಂತ ವೈರಸ್ ಇಲ್ಲ. ಗರ್ಭಿಣಿಯರಿಗೂ ಕೊಡುತ್ತಾರೆ.

ವಯಸ್ಸು ಮೀರುತ್ತಿದೆ, ಎಎಂಎಚ್ ಕಡಿಮೆ ಇದೆ ಅನ್ನುವವರಿಗೆ ಒಂದು ತಿಂಗಳೂ ದೊಡ್ಡದೇ. ಭ್ರೂಣ ಫ್ರೀಜ್ ಮಾಡಿಟ್ಟು, ಲಸಿಕೆಯ ಅವಧಿ ಮುಗಿದ ಮೇಲೆ ಗರ್ಭಕೋಶಕ್ಕೆ ಟ್ರಾನ್ಸ್‌ಫರ್ ಮಾಡಬಹುದಾ ಅಂತ ನಿಮ್ಮ ಡಾಕ್ಟರನ್ನು ಕೇಳಿ.

ಕ್ಲಿನಿಕ್ಕಿನವರಿಗೆ ನನ್ನದೊಂದೇ ಕೋರಿಕೆ. ಮೊದಲ ದಿನ ಹೇಗೂ ರಕ್ತ ತೆಗೆಯುತ್ತೀರಿ, ಅದರಲ್ಲೇ ಇದನ್ನೂ ನೋಡಿ. ನೆಗೆಟಿವ್ ಬಂದರೆ ಆ ವಾರವೇ ಲಸಿಕೆ ಕೊಡಿ. ಉಳಿದ ಟೆಸ್ಟು, ಸ್ಕ್ಯಾನು, ದುಡ್ಡಿನ ಓಡಾಟ ಮುಗಿಯುವಷ್ಟರಲ್ಲಿ ಆ 28 ದಿನವೂ ಕಳೆದಿರುತ್ತದೆ.