ಫ್ಲೋಟ್‌ನಿಂದ ಇಂಟ್‌ಗೆ: ಪ್ರತಿ ಸಲವೂ ತಪಾಸಣೆ ಬೇಕೇ?

ಕಂಪ್ಯೂಟರಿನಲ್ಲಿ ಫ್ಲೋಟ್ ಎಂದರೆ ದಶಮಾಂಶ ಸಂಖ್ಯೆ, ಇಂಟ್ ಎಂದರೆ ಪೂರ್ಣಾಂಕ. ಫ್ಲೋಟನ್ನು ಇಂಟ್ ಮಾಡುವಾಗ ಬೆಲೆ ಅದರಲ್ಲಿ ಹಿಡಿಸುತ್ತದೆಯೇ ಎಂದು ಪ್ರತಿ ಸಲವೂ ನೋಡಬೇಕೇ ಎಂಬುದೇ ಇಲ್ಲಿನ ವಾದ.

ಪರ: ಬೇಕು, ಒಂದನ್ನೂ ಬಿಡದೆ

1996ರ ಜೂನ್ 4. ಏರಿಯಾನ್ 5 ರಾಕೆಟ್ ಮೊದಲ ಸಲ ಹಾರಿ ಸುಮಾರು 40 ಸೆಕೆಂಡಿನಲ್ಲೇ ಚೂರಾಯಿತು. ಅದರೊಳಗಿನ ಕಂಪ್ಯೂಟರ್ 64 ಬಿಟ್ ಫ್ಲೋಟ್ ಒಂದನ್ನು 16 ಬಿಟ್ ಪೂರ್ಣಾಂಕಕ್ಕೆ ಇಳಿಸಲು ಹೋಗಿತ್ತು. ಅಲ್ಲಿ 32767ಕ್ಕಿಂತ ದೊಡ್ಡದು ಹಿಡಿಸುವುದಿಲ್ಲ. ಅಪಾಯವಿದ್ದ ಏಳು ಸಂಖ್ಯೆಗಳಲ್ಲಿ ನಾಲ್ಕಕ್ಕೆ ಮಾತ್ರ ಕಾವಲಿತ್ತು. ಉಳಿದ ಮೂರನ್ನು ಬಿಟ್ಟಿದ್ದು ಯಾಕೆ? ಕಂಪ್ಯೂಟರಿನ ಹೊರೆ 80% ದಾಟಬಾರದು ಅಂತ. ವೇಗಕ್ಕಾಗಿ ಉಳಿಸಿದ್ದು ಅಷ್ಟೇ ಅಷ್ಟು!

ಸಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ, ಹಿಡಿಸದ ಸಂಖ್ಯೆ ಬಂದರೆ ಏನಾಗಬೇಕು ಎಂಬುದಕ್ಕೆ ಈಗಲೂ ನಿಯಮವಿಲ್ಲ. 300 ಕೋಟಿಯ ಫ್ಲೋಟನ್ನು, 2147483647ರವರೆಗಷ್ಟೇ ಹಿಡಿಸುವ 32 ಬಿಟ್ ಇಂಟ್ ಮಾಡಿದರೆ ಇಂಟೆಲ್ ಪ್ರೋಸೆಸರ್ ಸಾಮಾನ್ಯವಾಗಿ -2147483648 ಕೊಡುತ್ತದೆ, ಆರ್ಮ್ ಪ್ರೋಸೆಸರ್ 2147483647 ಕೊಡುತ್ತದೆ. ಒಂದೇ ಕೋಡ್, ಎರಡು ಉತ್ತರ. ಎರಡೂ ಬಾಯಿಬಿಡುವುದಿಲ್ಲ.

'ನಾನೇ ಚೆಕ್ ಬರೆದುಕೊಳ್ತೀನಿ' ಅನ್ನುವವರೂ ಜಾರುತ್ತಾರೆ. x <= 2147483647 ಎಂದು ಬರೆದರೆ ಸರಿಯಾಗಿಯೇ ಕಾಣುತ್ತದೆ, ಅಲ್ವಾ? ಆದರೆ 32 ಬಿಟ್ ಫ್ಲೋಟ್‌ನಲ್ಲಿ ಆ ಸಂಖ್ಯೆಯೇ ಇಲ್ಲ. ಅದು 2147483648 ಆಗಿಬಿಡುತ್ತದೆ, ಹೊರಗಿರಬೇಕಾದ ಬೆಲೆ ಒಳಗೆ ಬರುತ್ತದೆ. ಹಾಗಾಗಿ ಈ ಕೆಲಸವನ್ನು ಭಾಷೆಯೇ ಮಾಡಬೇಕು. ಜಾವಾ ಭಾಷೆ ಮಾಡುತ್ತದೆ, ಮಿತಿ ದಾಟಿದ್ದನ್ನು ಗಡಿಯ ಬೆಲೆಯಲ್ಲೇ ನಿಲ್ಲಿಸುತ್ತದೆ. 2020ರಿಂದ ರಸ್ಟ್ ಕೂಡ ಮಾಡುತ್ತಿದೆ.

ವಿರೋಧ: ಬಾಗಿಲಲ್ಲಿ ಒಮ್ಮೆ ಸಾಕು

1920×1080ರ ವಿಡಿಯೊ, ಸೆಕೆಂಡಿಗೆ 60 ಚೌಕಟ್ಟು, ಮೂರು ಬಣ್ಣ. ಸೆಕೆಂಡಿಗೆ 37 ಕೋಟಿ ಪರಿವರ್ತನೆ ಆಯಿತು. ಬೆಲೆ 0 ಮತ್ತು 255ರ ನಡುವೆಯೇ ಇರುವಂತೆ ಹಿಂದಿನ ಸಾಲಿನಲ್ಲೇ ಕಟ್ಟಿಹಾಕಿದ್ದೇವೆ. ಮತ್ತೆ 'ಕಡಿಮೆಯಾ? ಜಾಸ್ತಿಯಾ? ಸಂಖ್ಯೆಯೇ ಅಲ್ವಾ?' ಎಂದು 37 ಕೋಟಿ ಸಲ ಕೇಳುವುದು ಸುಮ್ನೆ ದಂಡ. ರಸ್ಟ್ ಕೂಡ ತಪಾಸಣೆಯಿಲ್ಲದ ದಾರಿಯೊಂದನ್ನು ಇಟ್ಟುಕೊಂಡಿದೆ.

ಏರಿಯಾನ್ ಕಥೆಯನ್ನು ಪೂರ್ತಿ ಹೇಳಬೇಕು. ಅಲ್ಲಿ ತಪ್ಪು ಕಣ್ತಪ್ಪಿಸಿಕೊಂಡಿರಲಿಲ್ಲ, ಸಿಕ್ಕಿಬಿದ್ದಿತ್ತು. ಸಿಕ್ಕ ಕೂಡಲೇ ಕಂಪ್ಯೂಟರ್ ನಿಲ್ಲಬೇಕು ಎಂಬ ಏರ್ಪಾಡಿತ್ತು, ನಿಂತಿತು. ಜೊತೆಗಿದ್ದ ಬದಲಿ ಕಂಪ್ಯೂಟರೂ ಅದೇ ತಪ್ಪಿಗೆ ನಿಂತಿತು. ಆ ಲೆಕ್ಕವೋ, ರಾಕೆಟ್ ನೆಲ ಬಿಟ್ಟ ಮೇಲೆ ಬೇಕಾಗಿಯೇ ಇರಲಿಲ್ಲ. ಏರಿಯಾನ್ 4ರ ಕೋಡನ್ನು ಹಾಗೇ ತಂದಿದ್ದರು. ಹೊಸ ರಾಕೆಟ್‌ನಲ್ಲಿ ಆ ಬೆಲೆ ಎಷ್ಟು ಏರಬಹುದು ಎಂದು ಮೊದಲೇ ಲೆಕ್ಕ ಹಾಕಬೇಕಿತ್ತು.

ಇನ್ನು ಸರಿತನದ ಮಾತು. 0.29 ಅನ್ನು 100ರಿಂದ ಗುಣಿಸಿದರೆ 28.999999999999996 ಬರುತ್ತದೆ, ಇಂಟ್ ಮಾಡಿದರೆ 28. ಗಡಿಯ ತಪಾಸಣೆ ಇದನ್ನು ಖುಷಿಯಾಗಿ ಒಳಗೆ ಬಿಡುತ್ತದೆ. ನನಗೆ ಜಾಸ್ತಿ ಭಯ ಹುಟ್ಟಿಸುವುದು ಜಾವಾ, ರಸ್ಟ್‌ಗಳ ಇನ್ನೊಂದು ನಿಯಮ: ಸಂಖ್ಯೆಯೇ ಅಲ್ಲದ್ದು (NaN, ಅರ್ಥವಿಲ್ಲದ ಲೆಕ್ಕದ ಫಲ) ಬಂದರೆ ಉತ್ತರ 0. ಕೆಟ್ಟುಹೋದ ಸೆನ್ಸರ್ ಸೊನ್ನೆ ಡಿಗ್ರಿ ತೋರಿಸುತ್ತದೆ. ನೋಡುವವರು ಅದನ್ನು ನಿಜವಾದ ಚಳಿ ಅಂದುಕೊಳ್ಳುತ್ತಾರೆ.