ಬೇಳೆ ಬೇಯದ ಬೆಟ್ಟ

ಸ್ಯಾನ್‌ಫ್ರಾನ್ಸಿಸ್ಕೊ ಆಸುಪಾಸಿನ ಕನ್ನಡಿಗರು ವಾರಾಂತ್ಯಕ್ಕೆ ಲಾಸೆನ್ ಜ್ವಾಲಾಮುಖಿ ಉದ್ಯಾನಕ್ಕೆ ಹೊರಟರೆಂದರೆ ಡಿಕ್ಕಿಯಲ್ಲಿ ಕುಕ್ಕರು, ಮಾತಿನಲ್ಲಿ ಕುಮಾರಪರ್ವತ ಇದ್ದೇ ಇರುತ್ತವೆ. 'ಕಾಲೇಜಿನಲ್ಲಿ ಒಂದೇ ಉಸಿರಿಗೆ ಹತ್ತಿದ್ವಿ, ಇದೇನು ಮಹಾ!' ಮಹಾ ಏನೆಂದರೆ, ಲಾಸೆನ್ ಶಿಖರದ ದಾರಿ ಶುರುವಾಗುವ ಪಾರ್ಕಿಂಗ್ ಜಾಗವೇ ಸುಮಾರು 8,500 ಅಡಿ ಎತ್ತರದಲ್ಲಿದೆ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯ ನೆತ್ತಿಯೇ 6,330 ಅಡಿ. ಕಾರಿನಿಂದಿಳಿದು ಲೇಸು ಕಟ್ಟಲು ಬಗ್ಗಿದವರಿಗೆ ಏಳುವಾಗ ತಲೆ ಗಿರ್ರೆನ್ನುವುದು ವಯಸ್ಸಿನಿಂದಲ್ಲ.

ಬೆಟ್ಟವೇನೋ ಪಾಪದ್ದು. 1914ರಿಂದ 1917ರವರೆಗೆ ಬೂದಿ, ಬೆಂಕಿ ಕಾರಿ, 1915ರ ಮೇ 22ರಂದು ದೊಡ್ಡದಾಗಿ ಸಿಡಿದು, ಆಮೇಲೆ ಸುಮ್ಮನಾಗಿದೆ. ಈಗ ಬಂದವರನ್ನು ಸತಾಯಿಸುವುದು ಅಲ್ಲಿನ ತೆಳು ಗಾಳಿ ಮತ್ತು ಸಡಿಲ ಕಲ್ಲು.

ಮೊದಲ ಏಟು ಒಲೆಯ ಮುಂದೆ ಬೀಳುತ್ತದೆ. ಸಮಿಟ್ ಲೇಕ್ ಕ್ಯಾಂಪಿನ ಎತ್ತರ ಸುಮಾರು 6,700 ಅಡಿ. ಅಲ್ಲಿ ಗಾಳಿಯ ಒತ್ತಡ ಕಡಿಮೆ, ಹಾಗಾಗಿ ನೀರು ಸುಮಾರು 93 ಡಿಗ್ರಿಗೇ ಕುದಿಯುತ್ತದೆ. ಉರಿ ಜೋರು ಮಾಡಿದರೆ ನೀರಿನ ಬಿಸಿ ಏರುವುದಿಲ್ಲ, ಸಿಲಿಂಡರ್ ಬೇಗ ಖಾಲಿಯಾಗುತ್ತದೆ ಅಷ್ಟೆ. ಎರಡು ಬರ್ನರಿನ ಒಲೆಗೆ ಹಾಕುವ ಹಸಿರು ಸಿಲಿಂಡರಿನಲ್ಲಿ ಅರ್ಧ ಕೆಜಿಗೂ ತುಸು ಕಡಿಮೆ ಪ್ರೊಪೇನ್ ಇರುತ್ತದೆ. ಎರಡೂ ಕಡೆ ಪೂರ್ತಿ ಉರಿಸಿದರೆ ಗಂಟೆಯೊಂದರಲ್ಲಿ ಮುಗಿದೀತು. ಅಕ್ಕಿ ಹೇಗೋ ಬೇಯುತ್ತದೆ, ಅರ್ಧ ಲೋಟ ನೀರು ಹೆಚ್ಚಿಗೆ ಹಾಕಿ ಹತ್ತು ನಿಮಿಷ ಹೆಚ್ಚು ಕಾದರೆ. ತೊಗರಿಬೇಳೆ ಮಾತ್ರ ಜಪ್ಪಯ್ಯ ಅಂದರೂ ಕರಗುವುದಿಲ್ಲ. ಗಂಟೆಗಟ್ಟಲೆ ಕುದಿಸಿದ ಮೇಲೂ ತಿಳಿನೀರು ಮೇಲೆ, ಬೇಳೆ ಕೆಳಗೆ, ಯಜಮಾನರ ಮುಖ ಇನ್ನೂ ಕೆಳಗೆ.

ಕುಕ್ಕರ್ ತಂದವರು ಗೆದ್ದರಲ್ಲ ಎನ್ನಬೇಡಿ.

'ರೀ, ವೆಯ್ಟ್ ಎಲ್ಲಿ?'

'ನೀನೇ ತಾನೇ ಇಟ್ಕೊಂಡಿದ್ದು?'

ವೆಯ್ಟ್ ಮನೆಯ ಸಿಂಕಿನ ಪಕ್ಕ ಒಣಗುತ್ತಿರುತ್ತದೆ, ನಾಲ್ಕೂವರೆ ಗಂಟೆ ದೂರದಲ್ಲಿ. ಕ್ಯಾಂಪಿನಲ್ಲಿ ಫೋನಿಗೆ ಸಿಗ್ನಲ್ಲೂ ಸಿಗುವುದಿಲ್ಲವಾದ್ದರಿಂದ ಜಗಳಕ್ಕೆ ಅಮ್ಮನ ಮಧ್ಯಸ್ಥಿಕೆಯೂ ಇಲ್ಲ. ಹೊರಡುವ ಮೊದಲು ವೆಯ್ಟನ್ನೂ ಗ್ಯಾಸ್ಕೆಟ್ಟನ್ನೂ ಕುಕ್ಕರಿನ ಒಳಗೇ ಹಾಕಿ ಮುಚ್ಚಿಬಿಡಿ. ಮೇಲೆ ಹೋದಾಗ ಮನೆಗಿಂತ ಒಂದೆರಡು ವಿಷಲ್ ಹೆಚ್ಚು ಕೂಗಿಸಿ, ಏಕೆಂದರೆ ಹೊರಗಿನ ಒತ್ತಡ ಕಡಿಮೆಯಾದಷ್ಟೂ ಒಳಗಿನ ಬಿಸಿಯೂ ಇಳಿಯುತ್ತದೆ. ನನ್ನನ್ನು ಕೇಳಿದರೆ, ಈ ರಗಳೆಯೇ ಬೇಡ. ತೆಳು ಅವಲಕ್ಕಿ, ಮನೆಯಲ್ಲೇ ಕುದಿಸಿ ಗಟ್ಟಿ ಮಾಡಿದ ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ಇದ್ದರೆ ಎರಡು ದಿನ ಸಾಗುತ್ತದೆ. ಒಲೆಯನ್ನು ಕಾಫಿಗೆ ಬಿಡಬಹುದು.

ಉಪ್ಪಿನಕಾಯಿಯದು ಬೇರೆಯೇ ಕಥೆ. ಸಮುದ್ರಮಟ್ಟದಲ್ಲಿ ಮುಚ್ಚಿದ ಬಾಟಲಿಯೊಳಗಿನ ಗಾಳಿ ಮೇಲೆ ಹೋದಂತೆ ಹಿಗ್ಗಿ ಎಣ್ಣೆಯನ್ನು ಹೊರಗೆ ನೂಕುತ್ತದೆ. ಬಾಟಲಿ ಅಡ್ಡ ಮಲಗಿದ್ದರೆ ಸ್ಲೀಪಿಂಗ್ ಬ್ಯಾಗಿಗೆ ಮಾವಿನ ಮಿಡಿಯ ಪರಿಮಳ ಖಾಯಂ. ನೆಟ್ಟಗೆ ನಿಲ್ಲಿಸಿ, ಎರಡು ಕವರಿನಲ್ಲಿ ಕಟ್ಟಿ, ತಲುಪಿದೊಡನೆ ಒಮ್ಮೆ ನಿಧಾನ ತೆರೆದು ಮುಚ್ಚಿ. ಆಮೇಲೆ ಕ್ಯಾಂಪಿನ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಚಿಲಕ ಹಾಕಿ. ಆ ಪೆಟ್ಟಿಗೆ ಇರುವುದು ಕರಡಿಯಿಂದ ಊಟ ಕಾಪಾಡಲು. ಟೂತ್‌ಪೇಸ್ಟ್, ಸನ್‌ಸ್ಕ್ರೀನ್, ಇಂಗಿನ ಡಬ್ಬಿ ಎಲ್ಲವೂ ಅದರೊಳಗೇ ಹೋಗಬೇಕು. ಕರಡಿಗೆ ವಾಸನೆಯಷ್ಟೇ ಗೊತ್ತು, ಬ್ರ್ಯಾಂಡ್ ಗೊತ್ತಿಲ್ಲ.

ವಾಸನೆ ಎಂದರೆ, ನೈರುತ್ಯದ ಗೇಟು ದಾಟಿ ತುಸು ಹೋದರೆ ಸಲ್ಫರ್ ವರ್ಕ್ಸ್ ಎಂಬ ಹಬೆಯುಗುಳುವ ಜಾಗ ರಸ್ತೆಯ ಪಕ್ಕದಲ್ಲೇ ಇದೆ. ನೆಲದಿಂದ ಬರುವ, ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಅನಿಲ ಕಾರಿನೊಳಗೆ ನುಗ್ಗಿದಾಗ ಬೆಳಿಗ್ಗೆ ಮೂಲಂಗಿ ಹುಳಿ ಉಂಡವರ ಮೇಲೆ ಎಲ್ಲರ ಕಣ್ಣು. ಬೋರ್ಡು ಕಾಣುವವರೆಗೂ ಅವರ ಮಾತನ್ನು ಯಾರೂ ನಂಬುವುದಿಲ್ಲ.

ಬಂಪಾಸ್ ಹೆಲ್‌ನಲ್ಲಿ ತಮಾಷೆ ಕಡಿಮೆ. ಕುದಿಯುವ ಕೆಸರು, ಹಬೆಯ ಬಿರುಕುಗಳ ಈ ಜಾಗಕ್ಕೆ ನಡೆದು ಹೋಗಿಬರಲು ಸುಮಾರು ಮೂರು ಮೈಲಿ. ಅಲ್ಲಿನ ಬಿಗ್ ಬಾಯ್ಲರ್ ಎಂಬ ಬಿರುಕಿನ ಹಬೆಯಲ್ಲಿ 161 ಡಿಗ್ರಿ ಅಳೆದದ್ದುಂಟು; ನಿಮ್ಮ ಕುಕ್ಕರು 120ರ ಆಸುಪಾಸಿಗೇ ಸುಸ್ತು. 1860ರ ದಶಕದಲ್ಲಿ ಈ ಜಾಗ ತೋರಿಸಲು ಪತ್ರಿಕೆಯವರನ್ನು ಕರೆತಂದ ಬಂಪಾಸ್ ಎಂಬಾತ, 'ಹುಷಾರು, ನೆಲ ಮೋಸದ್ದು' ಎಂದು ಎಚ್ಚರಿಸಿದ ಬೆನ್ನಿಗೇ ತಾನೇ ತೆಳು ಪದರ ಒಡೆದು ಕುದಿಯುವ ಕೆಸರಿಗೆ ಕಾಲಿಟ್ಟ. ಆ ಕಾಲನ್ನು ಕೊನೆಗೆ ಕತ್ತರಿಸಬೇಕಾಯಿತು. ಬಿಳಿ ನೆಲ ಗಟ್ಟಿಯಾಗಿ ಕಾಣುವುದು ಮೇಲಷ್ಟೇ. ಕೆಳಗೆ ಆಮ್ಲ ಮತ್ತು ಹಬೆ ಬಂಡೆಯನ್ನು ಜೇಡಿಮಣ್ಣು ಮಾಡಿರುತ್ತವೆ. ಮರದ ಹಲಗೆಯ ದಾರಿ ಬಿಟ್ಟು ಸೆಲ್ಫಿಗೆಂದು ಒಂದು ಹೆಜ್ಜೆಯೂ ಬೇಡ. ಮಕ್ಕಳ ಕೈ ಹಿಡಿದಿರಿ, ಮಾವನವರ ಕೈಯನ್ನೂ.

ಇನ್ನು ಸಿಂಡರ್ ಕೋನ್ ಎಂಬ ಗುಡ್ಡ. ಬ್ಯೂಟ್ ಲೇಕ್ ಕಡೆಯಿಂದ ಹೋಗಿಬರಲು ನಾಲ್ಕು ಮೈಲಿ, ಕೇಳಿದರೆ ಸಂಜೆಯ ವಾಕಿಂಗ್ ಅನ್ನಿಸುತ್ತದೆ. ಕಷ್ಟವೆಲ್ಲ ಕೊನೆಯ ಏರಿನಲ್ಲಿದೆ. ಇಡೀ ಗುಡ್ಡ ಕಡಲೆಯಿಂದ ನಿಂಬೆಹಣ್ಣಿನವರೆಗಿನ ಗಾತ್ರದ ಸುಟ್ಟ ಕಲ್ಲುಗಳ ರಾಶಿ. ಒಂದಕ್ಕೊಂದು ಅಂಟಿಲ್ಲ, ಮೆಟ್ಟದಿದ್ದರಷ್ಟೇ ಕಲ್ಲು ಜಾರದೆ ನಿಲ್ಲುವಷ್ಟು ಕಡಿದಾದ ಇಳಿಜಾರು. ಎರಡು ಹೆಜ್ಜೆ ಹತ್ತಿದರೆ ಒಂದು ಹೆಜ್ಜೆ ಜಾರುತ್ತೀರಿ. ಹೆಜ್ಜೆ ಚಿಕ್ಕದಿರಲಿ, ಪಾದ ಪೂರ್ತಿ ಊರಿ, ಮುಂದಿನವರು ಒತ್ತಿಟ್ಟ ಗುಳಿಯಲ್ಲೇ ಕಾಲಿಡಿ. ಕರಿ ಕಲ್ಲು ಬಿಸಿಲಿಗೆ ಕಾಯುತ್ತದೆ, ಮೇಲೆ ನೆರಳಿಲ್ಲ. ಬೆಳಿಗ್ಗೆ ಏಳಕ್ಕೆ ಹೊರಡಿ, ತಲಾ ಎರಡು ಲೀಟರ್ ನೀರಿರಲಿ. ಕುಮಾರಪರ್ವತದ ರೂಢಿಯಂತೆ ಇಂಬಳಕ್ಕೆಂದು ತಂದ ಉಪ್ಪು ಸೌತೆಕಾಯಿಗೆ ಆಗುತ್ತದೆ. ಶೂವಿನೊಳಗೆ ನುಗ್ಗುವ ಕಲ್ಲಿಗೆ ಹಳೆ ಕಾಲುಚೀಲವೇ ಮದ್ದು: ಬೆರಳಿನ ಭಾಗ ಕತ್ತರಿಸಿ, ಉಳಿದ ಕೊಳವೆಯನ್ನು ಶೂ ಬಾಯಿ ಮುಚ್ಚುವಂತೆ ಎಳೆದುಕೊಳ್ಳಿ. ಇಳಿಯುವಾಗ ಹಿಮ್ಮಡಿ ಊರಬೇಕು. ಓಡಬೇಡಿ, ಬಿದ್ದರೆ ಆ ಕಲ್ಲು ಅಂಗೈಯನ್ನು ಈಳಿಗೆಮಣೆಗಿಂತ ಚೆನ್ನಾಗಿ ಹೆಚ್ಚುತ್ತದೆ.

ಲಾಸೆನ್ ಶಿಖರಕ್ಕೆ ಹೋಗಿಬರಲು ಐದು ಮೈಲಿ, ಏರು ಸುಮಾರು 2,000 ಅಡಿ, ಜುಲೈಯಲ್ಲೂ ಹಿಮ ಇದ್ದೀತು. ಬೇಸಿಗೆಯ ಮಧ್ಯಾಹ್ನ ಗುಡುಗು ಬರುವುದುಂಟು, ಮೇಲೆ ಅಡಗಲು ಜಾಗವಿಲ್ಲ. ಊಟದ ಹೊತ್ತಿಗೆ ಕೆಳಗಿರಿ.

ಮನೆಗೆ ಬಂದಾಗ ಒತ್ತಡದ ಲೆಕ್ಕ ತಿರುಗಿ ಬೀಳುತ್ತದೆ. ಮೇಲೆ ಬಿಗಿಯಾಗಿ ಮುಚ್ಚಿದ ಡಬ್ಬಿಯ ಮುಚ್ಚಳವನ್ನು ಹೊರಗಿನ ಗಾಳಿ ಒತ್ತಿ ಹಿಡಿದಿರುತ್ತದೆ. ಚಾಕುವಿನಿಂದ ಮೀಟುವ ಬದಲು ಬಿಸಿನೀರಿನಲ್ಲಿ ಎರಡು ನಿಮಿಷ ಇಡಿ. ಮಕ್ಕಳ ಜೇಬನ್ನು ಉದ್ಯಾನದಲ್ಲೇ ತಡಕಿರಬೇಕು, ಅಲ್ಲಿಂದ ಕಲ್ಲು ತರುವಂತಿಲ್ಲ. ಕಾಲುಚೀಲದಲ್ಲಿ ಕದ್ದು ಬಂದವನ್ನು ಮಾತ್ರ ಒಳಹೊರಗು ತಿರುವಿ ಅಂಗಳದಲ್ಲೇ ಕೊಡವಿ. ಇಲ್ಲದಿದ್ದರೆ ವಾಷಿಂಗ್ ಮೆಷೀನಿನ ಫಿಲ್ಟರಿನಲ್ಲಿ ಇನ್ನೊಂದು ಸಿಂಡರ್ ಕೋನ್ ಏಳುತ್ತದೆ.